ಡಾಕ್ಟರ ಊರಿನ ದಾರಿ

ಸಾಹಿತಿಗಳ ಊರು ನೋಡುವ ಚಟವನ್ನು ನಮಗೆ ಹತ್ತಿಸಿದ್ದು ಕುಪ್ಪಳಿ. ಅಲ್ಲಿ ಕವಿಮನೆಯಿದೆ, ಕವಿಶೈಲವಿದೆ. ನೋಡಿ ಮುಗಿಸಿದೆವು ಎಂಬ ಸಮಾಧಾನವೂ ಸಿಗುತ್ತದೆ. ಮಂಡ್ಯ ಸೀಮೆಯಲ್ಲಿ ಈ ಚಟ ನಡೆಯುವುದು ಕಷ್ಟ. ಇಲ್ಲಿನ ಕತೆಗಾರನನ್ನು ಕಣ್ಣಿಗಿಂತ ಕಿವಿಯಲ್ಲಿ ಹುಡುಕಬೇಕು.

ನಾನು ಹುಡುಕಿ ಹೊರಟದ್ದು ಬೆಸಗರಹಳ್ಳಿ ರಾಮಣ್ಣನವರನ್ನು. ‘ನೆಲದ ಒಡಲು’, ‘ಗರ್ಜಿ’ ಬರೆದವರು. ವೃತ್ತಿಯಲ್ಲಿ ಸರ್ಕಾರಿ ಡಾಕ್ಟರು. ಮದ್ದೂರಿನಲ್ಲಿ ಇಳಿದವನು ವಡೆ ತಿನ್ನದೆ ಮುಂದೆ ಹೋದರೆ ಊರವರು ಕ್ಷಮಿಸಲಾರರು. ಆ ಗರಿಗರಿ ಶಾಸ್ತ್ರ ಮುಗಿಸಿ ಕೊಪ್ಪದ ಬಸ್ಸು ಹತ್ತಿದೆ. ಎರಡೂ ಬದಿ ಕಬ್ಬು, ನಡುನಡುವೆ ಗದ್ದೆ, ಎಲ್ಲೋ ಒಂದು ಆಲೆಮನೆಯ ಹೊಗೆ.

ಬೆಸಗರಹಳ್ಳಿಯ ಟೀ ಅಂಗಡಿಯಲ್ಲಿ ಬಂದ ಕಾರಣ ಹೇಳಿದೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ಊರ್ ನೋಡಕ್ ಬಂದ್ರಾ? ಏನೈತೆ ಸಾ ಇಲ್ಲಿ? ಕಬ್ಬೈತೆ, ಸೊಳ್ಳೆ ಐತೆ” ಎಂದರು. ಆಮೇಲೆ ಯಾರೂ ಕೇಳದಿದ್ದರೂ ತಮ್ಮ ಮಂಡಿನೋವಿನ ವಿಷಯ ತೆಗೆದರು. ಮಂಡಿಯಿಂದ ಹೊರಟ ಮಾತು ತಮ್ಮನ ಪಾಲಿನ ಜಗಳಕ್ಕೆ ಹೋಯಿತು. ಅಲ್ಲಿಂದ ಕಾರ್ಖಾನೆಯ ಬಾಕಿ ದುಡ್ಡಿಗೆ, ಅಳಿಯನ ಕುಡಿತಕ್ಕೆ, ಕೊನೆಗೆ ಹೆಂಗೋ ಮತ್ತೆ ಮಂಡಿಗೆ. ಬೇರೆ ಡಾಕ್ಟರಾಗಿದ್ದರೆ ಮಂಡಿಗೆ ಮಾತ್ರೆ ಬರೆದು ಮುಂದಿನವರನ್ನು ಕರೆಯುತ್ತಿದ್ದರು. ರಾಮಣ್ಣನವರು ಉಳಿದದ್ದನ್ನೂ ಕೇಳಿಸಿಕೊಂಡಿರಬೇಕು. ಅವರ ಕತೆಗಳ ಜನ ರೋಗ ಹೇಳುವ ಧಾಟಿಯಲ್ಲೇ ಬದುಕು ಹೇಳುತ್ತಾರೆ.

ಮದ್ದೂರಿಗೆ ಅಂಟಿಕೊಂಡಂತೆ ಶಿವಪುರವಿದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮುರಿದು ಬಾವುಟ ಹಾರಿಸಿದ ಜಾಗ; ನೆನಪಿಗೆ ಸತ್ಯಾಗ್ರಹ ಸೌಧ ನಿಂತಿದೆ. ರಾಮಣ್ಣನವರು ಹುಟ್ಟಿದ್ದೂ ಅದೇ 1938ರಲ್ಲಿ. ಗಾಂಧಿಯ ಹೆಸರಿನಲ್ಲಿ ಊರೂರೇ ಎದ್ದು ನಿಂತಿದ್ದ ವರ್ಷ. ಆ ವರ್ಷದ ಕೂಸು ಮುಂದೆ ಡಾಕ್ಟರಾಗಿ ‘ಗಾಂಧಿ’ ಎಂಬ ಕತೆ ಬರೆಯಿತು. ಅದರಲ್ಲಿ ಗಾಂಧಿ ಹಳ್ಳಿಯ ಬಡವರ ಮಗ. ಚಿಕಿತ್ಸೆಗೆಂದು ಬಂದ ಆಸ್ಪತ್ರೆಯಲ್ಲಿ ಯಾರಿಗೂ ಬೇಡವಾಗಿ ಸಾಯುತ್ತಾನೆ. ಬರೆದವರು ಆಸ್ಪತ್ರೆಯ ಒಳಗಿನವರೇ ಆದ್ದರಿಂದ ಕತೆಗೆ ಆ ಏಟು ಬಂದಿದೆ. ಹೊರಗಿನವರು ಬರೆದಿದ್ದರೆ ದೂರಾಗುತ್ತಿತ್ತು, ಇದು ತಪ್ಪೊಪ್ಪಿಗೆಯಂತಿದೆ. ಸೌಧದ ಮುಂದೆ ನಿಂತಾಗ ನನಗೆ ಇಬ್ಬರು ಗಾಂಧಿಯರೂ ಒಟ್ಟಿಗೇ ನೆನಪಾದರು. ಒಬ್ಬರಿಗಾಗಿ ಕಟ್ಟಡ ಕಟ್ಟಿದೆವು. ಇನ್ನೊಬ್ಬನಿಗೆ ಒಂದು ಮಂಚ ಕೊಡುವುದೂ ನಮಗೆ ಭಾರವಾಯಿತು.

ಮಳವಳ್ಳಿಗೆ ಹೋಗುವ ಆಸೆಯೂ ಇತ್ತು. ಮದ್ದೂರಿನ ಶಿಂಷೆ ಆ ಕಡೆಗೇ ಹರಿದು ಕಾವೇರಿ ಸೇರುತ್ತಾಳೆ. ಅವಳ ಜೊತೆ ಹೋದರೆ ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ನೆಲ, ತಂಬೂರಿಯವರು ರಾತ್ರಿಯಿಡೀ ಕತೆ ಹಾಡುವ ಸೀಮೆ. ಆದರೆ ಟೀ ಅಂಗಡಿಯ ಮಂಡಿಪುರಾಣವೇ ಮಧ್ಯಾಹ್ನವನ್ನು ನುಂಗಿತ್ತು.

ರಾಮಣ್ಣನವರ ಊರು ನೋಡಬೇಕೆನ್ನುವವರಿಗೆ ನನ್ನದೊಂದು ಸಲಹೆ. ಮೊದಲು ‘ಗಾಂಧಿ’ ಓದಿ. ಆಮೇಲೆ ಸೋಮವಾರ ಬೆಳಿಗ್ಗೆ ಈ ಸೀಮೆಯ ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲಿ. ನಿಮ್ಮ ಹಿಂದಿನವರು ಹೇಗೂ ಮಾತಿಗೆಳೆಯುತ್ತಾರೆ.