ಮಡಚು ಬಾಗಿಲು ಮತ್ತು ಮೂಲೆಮಟ್ಟ



"ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗ ನಾಳೆ ಕೊಯಮತ್ತೂರಿಗೆ ಹೋಗಿ ಏನು ಕೆಲಸ ಮಾಡ್ತಾನೆ ಸಾರ್?" ತಾಳವಾಡಿ ಕಡೆಯ ನಮ್ಮ ಶಾಲೆಗಳಲ್ಲಿ ಪಾಲಕರು ಕೇಳುವ ಪ್ರಶ್ನೆ ಇದು. ಇದಕ್ಕೆ ಅರ್ಧ ಉತ್ತರ ನನಗೆ ಸಿಕ್ಕಿದ್ದು ರಜೆಯಲ್ಲಿ, ಕಿಣತ್ತುಕಡವಿನ ಅಕ್ಕನ ಮನೆಯಲ್ಲಿ.

ಅಲ್ಲಿ ಮರಗೆಲಸ ನಡೆದಿತ್ತು. ಚಿಕ್ಕ ಕೋಣೆ, ಗೋಡೆಯೊಳಗೆ 4 ಅಡಿ ಅಗಲದ ಬಟ್ಟೆ ಕಪಾಟು. ಎರಡು ಬಾಗಿಲಿಟ್ಟರೆ ತೆರೆದಾಗ 2 ಅಡಿ ಮುಂದೆ ಬಂದು ಮಂಚಕ್ಕೆ ಬಡಿಯುತ್ತವೆ. ಅದಕ್ಕೇ ಭಾವ ಮಡಚು ಬಾಗಿಲು ಮಾಡಿಸಿದರು. ಒಂದೊಂದು ಅಡಿಯ 4 ಹಲಗೆ. ಮಡಚಿದರೆ ಮುಂದೆ ಬರುವುದು ಒಂದೇ ಅಡಿ.

ಈ ಬಾಗಿಲು ಮೇಲಿನ ಕಂಬಿಯಲ್ಲಿ ಜಾರುತ್ತದೆ. ಚೌಕಟ್ಟಿನ ಮೇಲಿನ ಅಡ್ಡಪಟ್ಟಿ ಸ್ವಲ್ಪ ವಾಲಿದರೂ ಹಲಗೆ ತಾನೇ ಜಾರುತ್ತದೆ, ಇಲ್ಲವೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಆಚಾರಿ ಚೌಕಟ್ಟು ನಿಲ್ಲಿಸಿ, ಸಂದಿಗೆ ಬೆಣೆ ಕೊಟ್ಟು, ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಎರಡು ಸಲ ಅಳೆದರು. ಎರಡೂ ಅಳತೆ ಸಮ ಬಂದ ಮೇಲೆಯೇ ಮೊಳೆ. ನಮ್ಮ ಪುಸ್ತಕದಲ್ಲಿ ಇದೇ ಆಯತದ ಕರ್ಣಗಳ ಪಾಠ!

ಗೋಡೆಗೂ ಚೌಕಟ್ಟಿಗೂ ನಡುವಿನ ಸಂದಿ ಮುಚ್ಚಲು ಸುತ್ತ ತೆಳು ಪಟ್ಟಿ. ಮೂಲೆಯಲ್ಲಿ ಎರಡು ಪಟ್ಟಿಗಳನ್ನೂ 45 ಡಿಗ್ರಿಗೆ ಕೊಯ್ದರೆ ಕೂಡಿ 90. ಹಲಗೆಗಳ ನಡುವೆ ಒಂದು ನಾಣ್ಯದಷ್ಟು ಜಾಗ ಬಿಟ್ಟರು. ಪಾಲಕ್ಕಾಡ್ ಕಣಿವೆಯಿಂದ ಮುಂಗಾರಿನ ತೇವದ ಗಾಳಿ ಬೀಸಿದರೆ ಮರ ಉಬ್ಬುತ್ತದಲ್ಲ!

ಆಚಾರಿಗೆ ಕನ್ನಡ ಬಾರದು. ಆದರೆ ಹುಡುಗನಿಗೆ ಕೂಗಿ ಕೇಳಿದ್ದು "ರಸಮಟ್ಟಂ", "ಮೂಲೈಮಟ್ಟಂ". ನಮ್ಮ ಕಡೆ ರಸಮಟ್ಟ, ಮೂಲೆಮಟ್ಟ ಅನ್ನುತ್ತೇವೆ, ಅಷ್ಟೇ. ಚೌಕಟ್ಟಿಗೆ ಅವರು "ನಿಲೈ" ಅಂದರು. ನಮ್ಮ 'ನಿಲ್ಲು' ಅದರೊಳಗೇ ನಿಂತಿದೆ.

ತಮಿಳು ಬೇಡ ಎಂದು ಹೇಳುತ್ತಿಲ್ಲ. 2006ರ ಕಾಯ್ದೆಯಿಂದ ಶಾಲೆಗಳಿಗೆ ತಮಿಳು ಪಾಠವೂ ಬಂದಿದೆ, ಮಕ್ಕಳು ಕಲಿಯಲಿ. ಆದರೆ ಕರ್ಣ, ಲಂಬಕೋನಗಳನ್ನು ಮನೆಮಾತಿನಲ್ಲಿ ಸರಿಯಾಗಿ ತಿಳಿದ ಹುಡುಗ ಆ ಆಚಾರಿಯ ಪಕ್ಕ ನಿಂತರೆ ಒಂದೇ ದಿನದಲ್ಲಿ ಮಾತು ಹಿಡಿಯುತ್ತಾನೆ. ಲೆಕ್ಕವೇ ತಿಳಿಯದವನಿಗೆ ಯಾವ ಮೀಡಿಯಂ ಆದರೇನು?

ಶಾಲೆ ತೆರೆದ ಮೇಲೆ ಏಳನೆಯವರಿಗೆ ದಾರ ಕೊಟ್ಟು ಕಪ್ಪುಹಲಗೆಯ ಕರ್ಣ ಅಳೆಸಿದೆ. ಮರಗೆಲಸದವರ ಮಗನೊಬ್ಬ, "ನಮ್ಮಪ್ಪನೂ ಹಿಂಗೇ ಅಳೀತಾರೆ ಸಾರ್" ಎಂದ. ಅಂದು ಪಾಠ ಮುಂದುವರಿಸಿದ್ದು ಅವನೇ.

ನಿಮ್ಮೂರಿನ ಆಚಾರಿಗಳು ಈ ಉಪಕರಣಗಳಿಗೆ ಏನೆನ್ನುತ್ತಾರೆ? ಮಕ್ಕಳಿಂದ ಕೇಳಿಸಿ, ಬರೆಸಿಡಿ.