ಯಾದವಗಿರಿಯ ಗಾಡಿ

ಜಾವಾ ಗಾಡಿಗೆ ಕಿಕ್ಕರು ಬೇರೆ, ಗೇರು ಬೇರೆ ಎಂಬುದಿಲ್ಲ. ಎಡಗಾಲಿನ ಪಕ್ಕದಲ್ಲಿರುವ ಒಂದೇ ಲಿವರು ಎರಡೂ ಕೆಲಸ ಮಾಡುತ್ತದೆ. ಅದನ್ನು ಎಂಜಿನ್ನಿನ ಕಡೆಗೆ ಒತ್ತಿ, ಹಿಂದಕ್ಕೆ ತಿರುಗಿಸಿ ಎತ್ತಿ ನಿಲ್ಲಿಸಿದರೆ ಕಿಕ್ಕರು. ಗಾಡಿ ಸ್ಟಾರ್ಟ್ ಆದಮೇಲೆ ಮುಂದಕ್ಕೆ ತಂದುಬಿಟ್ಟರೆ ಟಕ್ಕನೆ ಹೊರಗೆ ಬಂದು ಗೇರಾಗಿ ಕೂರುತ್ತದೆ. ಆ ಗೇರನ್ನು ಕಾಲಿನಿಂದ ಒತ್ತುತ್ತಿದ್ದಂತೆ ಒಳಗಿನ ಕ್ಯಾಮ್ ತಾನಾಗಿಯೇ ಕ್ಲಚ್ಚನ್ನು ಬಿಡಿಸುತ್ತದೆ, ಹಾಗಾಗಿ ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರು ಬದಲಿಸಬಹುದು. ಮೊದಲ ಸಲ ಹತ್ತಿದವರು ಕಿಕ್ಕರಿಗಾಗಿ ಎರಡೂ ಕಡೆ ಬಗ್ಗಿ ಹುಡುಕುತ್ತಾರೆ. ಬಲ್ಲವರ ಕಾಲು ನೋಡದೆಯೇ ಅಲ್ಲಿಗೆ ಹೋಗುತ್ತದೆ. ಅಂಗೈಯಗಲದ ಜಾಗದಲ್ಲಿ ಇಷ್ಟೊಂದು ಯೋಚನೆಯನ್ನು ಅಡಗಿಸಿಟ್ಟವರ ಮೇಲೆ ನನಗೆ ಹುಡುಗನಾಗಿದ್ದಾಗಿನಿಂದಲೂ ಪ್ರೀತಿ.

ನಾನು ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಪಕ್ಕದ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ. ನಮ್ಮ ಬೀದಿಯಲ್ಲಿ ಜಾವಾ ಕೆಲಸಗಾರರ ಮನೆಗಳಿದ್ದವು, ಅವರ ಮಕ್ಕಳು ನನ್ನ ಜೊತೆ ಗೋಲಿ ಆಡುವವರು. 'ಅಪ್ಪ ಜಾವಾದಲ್ಲಿದ್ದಾರೆ' ಎಂದರೆ ಸಾಕು, ಇನ್ನೇನೂ ಹೇಳಬೇಕಾಗಿರಲಿಲ್ಲ. ಸ್ಪೋರ್ಟ್ಸ್ ಕಾರುಗಳ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ ಹುಡುಗರು ಬೇರೆ ಊರುಗಳಲ್ಲಿ ಇದ್ದಿರಬೇಕು. ನಮಗೆ ಆ ಗರಜೇ ಬೀಳಲಿಲ್ಲ. ಮೆರೂನ್ ಬಣ್ಣದ ಟ್ಯಾಂಕು, ಅದರ ಪಕ್ಕಕ್ಕೆ ಹೊಳೆಯುವ ಕ್ರೋಮು, ಹಿಂದಕ್ಕೆ ಚಾಚಿಕೊಂಡ ಜೋಡಿ ಸೈಲೆನ್ಸರು, ಎಲ್ಲವೂ ಮನೆಮುಂದೆಯೇ ಹಾದು ಹೋಗುತ್ತಿದ್ದವು.

ಜಾವಾ ಹುಟ್ಟಿದ್ದು 1929ರಲ್ಲಿ, ಜೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ. ಅದನ್ನು ಮುಂಬಯಿಗೆ ತರಿಸಿ ಮಾರುತ್ತಿದ್ದವರು ಇರಾನಿ ಕುಟುಂಬದವರು. ಐವತ್ತರ ದಶಕದಲ್ಲಿ ಸರ್ಕಾರ ಮೋಟರ್‌ಸೈಕಲ್ ಆಮದಿಗೆ ಕಡಿವಾಣ ಹಾಕಿದಾಗ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಇಲ್ಲೇ ತಯಾರಿಸಲು ಮುಂದಾದರು, ಮೈಸೂರನ್ನು ಆರಿಸಿಕೊಂಡರು. ಕಂಪನಿ ಶುರುವಾದದ್ದು 1960ರಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. 1973ರಿಂದ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, ಆಮೇಲೆ ಹುಡುಗರ ನಿದ್ದೆಗೆಡಿಸಿದ ರೋಡ್‌ಕಿಂಗ್ ಬಂತು. ಎಂಬತ್ತರ ದಶಕದಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದು ಜನ ಮೈಲೇಜಿನ ಲೆಕ್ಕ ಕಲಿತರು. ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಖಾನೆಯ ಒಳಗೂ ತಾಪತ್ರಯ. 1996ಕ್ಕೆ ಬಾಗಿಲು ಬಿತ್ತು.

ನನ್ನ ಗಾಡಿ 1967ರ ಜಾವಾ 250. ನಜರಬಾದಿನ ಒಂದು ಹಳೆಯ ಮನೆಯ ಹಿತ್ತಲ ಶೆಡ್ಡಿನಲ್ಲಿ, ಮುರಿದ ತೊಟ್ಟಿಲು, ಸೌದೆಯ ಮಧ್ಯೆ ನಿಂತಿತ್ತು. ಗೆಳೆಯನೊಬ್ಬ ಸುಳಿವು ಕೊಟ್ಟ. ಮನೆಯಲ್ಲಿದ್ದದ್ದು ವಯಸ್ಸಾದ ತಾಯಿ ಒಬ್ಬರೇ. ಮೇಷ್ಟರಾಗಿದ್ದ ಅವರ ಯಜಮಾನರು ಓಡಿಸುತ್ತಿದ್ದ ಗಾಡಿ.

"ಭಾನುವಾರ ಬಂತು ಅಂದ್ರೆ ಇದನ್ನ ಒರೆಸೋದೇ ಅವರ ಪೂಜೆ ಕಣಪ್ಪ," ಅಂದರು. "ಗುಜರಿಯವನು ಬಂದು ತೂಕಕ್ಕೆ ಕೇಳಿದ. ಆಗಲ್ಲ ಹೋಗಯ್ಯ ಅಂದೆ. ಓಡಿಸ್ತೀಯಾ, ಇಲ್ಲಾ ಬಿಚ್ಚಿ ಮಾರ್ತೀಯಾ?"

"ಓಡಿಸ್ತೀನಮ್ಮ."

"ಹಾಗಾದ್ರೆ ತಗೊಂಡು ಹೋಗು. ಒಂದಿನ ತಂದು ತೋರಿಸಬೇಕು."

ಬೆಲೆ ಅದಾದಮೇಲೆ ಮಾತಾಡಿದೆವು. ಸೀರೆ ಪೆಟ್ಟಿಗೆಯ ತಳದಿಂದ ಆರ್‌ಸಿ ಬುಕ್ಕು ಬಂತು, ಎಂವೈ ಎಂದು ಶುರುವಾಗುವ, ಮೈಸೂರು ರಾಜ್ಯದ ಕಾಲದ ನಂಬರು. ಹಳೆಯ ಗಾಡಿ ಕೊಳ್ಳುವವರಿಗೆ ಒಂದು ಮಾತು ಹೇಳಬೇಕು: ಎಂಜಿನ್ ಸೀಜ್ ಆಗಿದ್ದರೂ ಚಿಂತೆಯಿಲ್ಲ, ಕಾಗದ ಸರಿಯಿರಬೇಕು. ಚಾಸಿಸ್ಸಿನ ಮೇಲೆ ಕೊರೆದ ನಂಬರನ್ನು ಮರಳುಕಾಗದದಿಂದ ಉಜ್ಜಿ, ಬುಕ್ಕಿನ ನಂಬರಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಬೇಕು. ತಗಡು ಸಿಗುತ್ತದೆ, ಪಿಸ್ಟನ್ ಸಿಗುತ್ತದೆ, ನಂಬರು ಮಾತ್ರ ಎಲ್ಲೂ ಸಿಗುವುದಿಲ್ಲ. 2021ರ ನಿಯಮದಲ್ಲಿ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡಿಸದ ಗಾಡಿಗಳನ್ನು ವಿಂಟೇಜ್ ಎಂದು ಒಪ್ಪಿಕೊಂಡಿದ್ದಾರೆ. ಹಳೆಯ ನಂಬರನ್ನು ಉಳಿಸಿಕೊಳ್ಳಲೂ ಅವಕಾಶವಿದೆ. ಒಳ್ಳೆಯ ನಿಯಮ, ಇನ್ನೂ ಮೊದಲೇ ಬರಬೇಕಿತ್ತು.

ಎಂಜಿನ್ ಬಿಚ್ಚುವುದು ನನಗೆ ಇಡೀ ಕೆಲಸದಲ್ಲಿ ಅತಿ ಪ್ರಿಯವಾದ ಭಾಗ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವಿಲ್ಲ, ಟೈಮಿಂಗ್ ಚೈನಿಲ್ಲ, ಮುಚ್ಚಿಡುವಂಥದ್ದು ಏನೂ ಇಲ್ಲ. ಹೆಡ್ಡಿನ ನಟ್ಟುಗಳನ್ನು ಬಿಚ್ಚಿ ಸಿಲಿಂಡರನ್ನು ಮೆಲ್ಲಗೆ ಮೇಲಕ್ಕೆತ್ತಿದರೆ ಅದರ ಗೋಡೆಯಲ್ಲಿ ಕಿಟಕಿಗಳು ಕಾಣುತ್ತವೆ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತಾ ಆ ಕಿಟಕಿಗಳನ್ನು ತೆಗೆದು ಮುಚ್ಚುತ್ತದೆ. ಜಾವಾದಲ್ಲಿ ಹೊಗೆ ಹೋಗುವ ಕಿಟಕಿ ಎರಡು. ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಜೋಡಿ, ಅದಕ್ಕೇ. ಅಂದಕ್ಕೆಂದು ಸಿಕ್ಕಿಸಿದ್ದಲ್ಲ ಅದು. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು. ಉದ್ದ ಸ್ಟ್ರೋಕಿನಿಂದಾಗಿ ನಿಧಾನವಾಗಿ ಹೋಗುವಾಗಲೂ ಎಳೆತ ಬಲವಾಗಿರುತ್ತದೆ.

ನನ್ನ ಗಾಡಿಯ ಬೋರು ಸವೆದು ಗೀರಾಗಿತ್ತು. ಅದನ್ನು ಕೊರೆಸಿ ದೊಡ್ಡ ಸೈಜಿನ ಪಿಸ್ಟನ್ ಹಾಕುವುದು ಲೇತ್ ಅಂಗಡಿಯ ಮಾಮೂಲಿ ಕೆಲಸ. ಕಷ್ಟವಿದ್ದದ್ದು ಕ್ರ್ಯಾಂಕಿನಲ್ಲಿ. ಕನೆಕ್ಟಿಂಗ್ ರಾಡಿನ ಬುಡ ಆಡುತ್ತಿತ್ತು. ಜಾವಾ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರದ ಚಕ್ರಗಳನ್ನು ನಡುವೆ ಪಿನ್ನಿಟ್ಟು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ರಾಡ್ ಬದಲಿಸಬೇಕೆಂದರೆ ಅದನ್ನು ಬಿಡಿಸಬೇಕು, ಮತ್ತೆ ಒತ್ತಬೇಕು, ಒತ್ತಿದಮೇಲೆ ಎರಡೂ ಕಡೆಯ ತುದಿಗಳು ಒಂದೇ ಗೆರೆಯಲ್ಲಿ ತಿರುಗುವಂತೆ ಮಾಡಬೇಕು. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗದೊಳಗೆ ಬರಬೇಕು ಅದು.

ಈ ಕೆಲಸ ಮಾಡಿಕೊಟ್ಟವರು ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದ ಹಿರಿಯರು. ಈಗ ಮನೆಯಲ್ಲೇ ಇದ್ದಾರೆ, ಕಣ್ಣು ಸ್ವಲ್ಪ ಮಂಜು. ಮೊಮ್ಮಗ ಪಕ್ಕದಲ್ಲಿ ಕೂತು ಡಯಲ್ ಗೇಜಿನ ಮುಳ್ಳನ್ನು ಓದಿ ಹೇಳುತ್ತಿದ್ದ. ಅವರು ಕ್ರ್ಯಾಂಕನ್ನು ಎರಡು ವಿ-ಬ್ಲಾಕಿನ ಮೇಲೆ ಮಲಗಿಸಿ ಬೆರಳ ತುದಿಯಿಂದ ತಿರುಗಿಸಿದರು. ಮುಳ್ಳು ಎದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ತಾಮ್ರದ ಸುತ್ತಿಗೆ ಎತ್ತಿ ಆ ಗುರುತಿನ ಮೇಲೆ ಒಂದೇ ಒಂದು ಏಟು. ಮತ್ತೆ ತಿರುಗಿಸಿದರು, ಮತ್ತೆ ಗುರುತು. "ಬೇಜಾನ್ ಹೊಡೀಬಾರದು ಕಣಪ್ಪ. ಎಷ್ಟು ಬೇಕು ಅಂತ ಅದೇ ಹೇಳುತ್ತೆ, ಕೇಳಿಸ್ಕೋಬೇಕು," ಎಂದರು. ನಾನು ಕೇಳಿಸಿಕೊಂಡೆ. ಓರೆಯಿದ್ದಾಗ ಏಟಿನ ಸದ್ದು ಮಂದವಾಗಿತ್ತು, ಸರಿಹೋಗುತ್ತಾ ಬಂದಂತೆ ತಿಳಿಯಾಯಿತು. ಕೊನೆಗೆ ಮೊಮ್ಮಗ "ತಾತ, ಮುಳ್ಳು ಅಲ್ಲಾಡ್ತಾನೇ ಇಲ್ಲ" ಅಂದ. ಅವರು ಗೇಜಿನ ಕಡೆ ನೋಡಲೂ ಇಲ್ಲ, ಕೈ ಒರೆಸಿಕೊಂಡು ಕಾಫಿ ತರಲು ಹೇಳಿದರು.

ಮೈಸೂರಿನಲ್ಲಿ ಜಾವಾ ರಿಪೇರಿ ಮಾಡುವುದಕ್ಕೂ ಬೇರೆಲ್ಲೋ ಮಾಡುವುದಕ್ಕೂ ವ್ಯತ್ಯಾಸ ಇರುವುದು ಇಲ್ಲಿ. ದಿಲ್ಲಿಯಲ್ಲೋ ಪುಣೆಯಲ್ಲೋ ಒಳ್ಳೆಯ ಮೆಕ್ಯಾನಿಕ್ಕುಗಳಿದ್ದಾರೆ, ದುಡ್ಡು ಚೆಲ್ಲಿದರೆ ನನ್ನದಕ್ಕಿಂತ ಫಳಫಳ ಹೊಳೆಯುವ ಗಾಡಿ ಮಾಡಿಕೊಡುತ್ತಾರೆ. ನಮ್ಮಲ್ಲಿ ಗಾಡಿಯನ್ನು ಮೊದಲು ಕೂಡಿಸಿದ ಕೈಗಳೇ ಇವೆ. ಕಾರ್ಖಾನೆ ಮುಚ್ಚಿದ ಮೇಲೆ ಆ ಕೈಗಳು ಊರಿನ ತುಂಬ ಚದುರಿದವು. ಒಬ್ಬರು ಮಂಡಿ ಮೊಹಲ್ಲಾದ ಗ್ಯಾರೇಜಿಗೆ, ಒಬ್ಬರು ಮೇಟಗಳ್ಳಿಯ ವರ್ಕ್‌ಶಾಪಿಗೆ, ಇನ್ನೊಬ್ಬರು ಮನೆಯ ಹಿಂದಿನ ಶೀಟಿನ ಶೆಡ್ಡಿಗೆ. ಅವರಿಂದ ಕಲಿತ ಹುಡುಗರೂ ಇದ್ದಾರೆ. ಎಂಜಿನ್ನನ್ನು ತಿದ್ದಿ ತೀಡುವ ಹುಚ್ಚು ಈ ಊರಿನ ನೀರಿನಲ್ಲೇ ಇದೆ ಎಂದು ನನ್ನ ನಂಬಿಕೆ. ಸಿಲಿಂಡರ್ ಹೆಡ್ಡಿನಲ್ಲಿ ಸಣ್ಣ ಕಾಲುವೆಗಳನ್ನು ಕೊರೆದು ಪೆಟ್ರೋಲು ಚೆನ್ನಾಗಿ ಉರಿಯುವಂತೆ ಮಾಡುವ ವಿಧಾನಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಸೋಮೇಂದರ್ ಸಿಂಗ್ ಮೈಸೂರಿನವರೇ. ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಮ್ಯೂಸಿಯಮ್ಮಿನಲ್ಲಿ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ನಾನು ಕಣ್ತುಂಬ ನೋಡಿದ್ದೇನೆ, ಯಾರು ಮೈಸೂರಿಗೆ ಬಂದರೂ ಕರೆದುಕೊಂಡು ಹೋಗುತ್ತೇನೆ. ಆ ಕಾರುಗಳು ಬೇರೆ ಕಡೆಗಳಿಂದ ಬಂದವು. ಜಾವಾ ಹಾಗಲ್ಲ, ಅದು ನಮ್ಮ ಪಕ್ಕದ ಮನೆಯವರ ಬೆವರು. ಹಿರಿಯರೊಬ್ಬರು ಹೋದರೆ ಅವರೊಂದಿಗೆ ಯಾವ ಪುಸ್ತಕದಲ್ಲೂ ಬರೆಯದ ಒಂದಷ್ಟು ವಿದ್ಯೆ ಹೋಗಿಬಿಡುತ್ತದೆ. ಅದಕ್ಕೇ ಅವರು ಕೆಲಸ ಮಾಡುವಾಗ ನಾನು ಪಕ್ಕ ಬಿಟ್ಟು ಏಳುವುದಿಲ್ಲ.

ಬಿಡಿಭಾಗಗಳ ಬೇಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನ ಜೆಸಿ ರಸ್ತೆ, ಇಲ್ಲಿನ ಗುಜರಿ ಅಂಗಡಿಗಳು, ಹಳೆಯ ಡೀಲರುಗಳ ಗೋಡೌನು, ಎಲ್ಲರೂ ಸುತ್ತುವ ಕಡೆಗಳೇ. ಮಸಿ ಕಟ್ಟಿದ ಸೈಲೆನ್ಸರುಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆದೆ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ಮಾತ್ರ ದುಬಾರಿಯಾದರೂ ಒಳ್ಳೆಯದನ್ನೇ ಹಾಕಿಸಿದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿನೊಳಗೆ ಬಂದು ಒತ್ತಿಕೊಂಡು ಆಮೇಲೆ ಮೇಲಕ್ಕೆ ಹೋಗುತ್ತದೆ. ಸೀಲು ಸೋರಿದರೆ ಆ ಒತ್ತಡ ಹೋಯಿತು, ಗೇರ್‌ಬಾಕ್ಸಿನ ಎಣ್ಣೆ ಎಳೆದುಕೊಂಡು ಬಿಳಿ ಹೊಗೆ ಕಕ್ಕುತ್ತದೆ. ಮೆಕ್ಯಾನಿಕ್ ಎಷ್ಟೇ ಕಾರ್ಬೊರೇಟರ್ ತಿರುವಿದರೂ ಸರಿಹೋಗುವುದಿಲ್ಲ.

ಬಣ್ಣದ ಕೆಲಸಕ್ಕೆ ಒಬ್ಬ ಪೇಂಟರ್ ಸಿಕ್ಕಿದರು. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡು, ಲಾರಿ, ಟಾಂಗಾ ಬರೆಯುತ್ತಿದ್ದವರು. ಟ್ಯಾಂಕಿನಲ್ಲಿ ಮೆರೂನ್ ಮತ್ತು ಕ್ರೋಮ್ ಸೇರುವಲ್ಲಿ ಚಿನ್ನದ ಬಣ್ಣದ ಸಣ್ಣ ಗೆರೆ ಬರಬೇಕು. ಇದಕ್ಕೆ ಈಗ ಸ್ಟಿಕ್ಕರ್ ಸಿಗುತ್ತದೆ. ಸ್ಟಿಕ್ಕರಿನ ಗೆರೆ ಎಲ್ಲ ಕಡೆ ಒಂದೇ ದಪ್ಪ, ನನಗೆ ಬೇಡ. ಅವರು ಉದ್ದ ಕೂದಲಿನ ಕುಂಚವನ್ನು ಬಣ್ಣದಲ್ಲಿ ಎಳೆದು, ಗಾಜಿನ ಚೂರಿನ ಮೇಲೆ ಸವರಿ ಮೊನೆ ಮಾಡಿಕೊಂಡರು. ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಆನಿಸಿ, ಉಸಿರು ಹಿಡಿದು ಮುಂದಿನಿಂದ ಹಿಂದಕ್ಕೆ ಎಳೆದರು. ತಿರುವು ಬಂದಾಗ ಕೈಯಲ್ಲ, ಇಡೀ ಮೈ ತಿರುಗಿತು. ಗೆರೆ ಮುಗಿಯುವಲ್ಲಿ ಕುಂಚ ಎತ್ತಿದ್ದು ಗೊತ್ತೇ ಆಗಲಿಲ್ಲ, ಕೂದಲೆಳೆಯಷ್ಟಾಗಿ ಮಾಯವಾಗಿತ್ತು. "ಇನ್ನೊಂದು ಕಡೆ ನಾಳೆ ಸಾರ್, ಇವತ್ತು ಕೈ ದಣಿದಿದೆ," ಎಂದು ಎದ್ದರು. ಆ ಗೆರೆ ಎರಡು ಕಡೆಯೂ ಸ್ವಲ್ಪ ಸ್ವಲ್ಪ ಬೇರೆ. ದಿನಕ್ಕೊಮ್ಮೆಯಾದರೂ ಅದರ ಮೇಲೆ ಕಣ್ಣಾಡಿಸುತ್ತೇನೆ.

ಕೊನೆಗೆ ಉಳಿದದ್ದು ಪಾಯಿಂಟ್ ಸೆಟ್ಟಿಂಗ್. ಬಲಗಡೆಯ ಕವರ್ ತೆಗೆದರೆ ಡೈನಮೋ, ಅದರ ಮೇಲೆ ಉಗುರಿನಷ್ಟು ಚಿಕ್ಕ ಎರಡು ಪಾಯಿಂಟು. ಅವು ಪೂರ್ತಿ ತೆರೆದಾಗ ನಡುವೆ 0.4 ಮಿಲಿಮೀಟರ್ ಸಂದಿರಬೇಕು. ಅವು ತೆರೆಯಲು ಶುರುಮಾಡಿದ ಗಳಿಗೆಯಲ್ಲೇ ಕಿಡಿ ಹಾರುತ್ತದೆ. ಆ ಗಳಿಗೆ ಹಿಡಿಯಲು ಪಾಯಿಂಟುಗಳ ಮಧ್ಯೆ ತೆಳು ಕಾಗದ ಸಿಕ್ಕಿಸಿ, ಮೆಲ್ಲಗೆ ಎಳೆದು ಹಿಡಿದು, ಎಂಜಿನ್ ತಿರುಗಿಸುತ್ತಾ ಹೋಗಬೇಕು. ಕಾಗದ ಸಡಿಲವಾಗಿ ಕೈಗೆ ಬಂದ ಕ್ಷಣವೇ ಅದು. ಮಾಪನದ ಸಾಧನ ಏನೇ ಇರಲಿ, ನನಗೆ ಕಾಗದವೇ ಇಷ್ಟ, ಲೋಹದ ಚಲನೆ ಬೆರಳಿಗೇ ತಿಳಿಯುತ್ತದೆ.

ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ, ಲಿವರನ್ನು ಒಳಕ್ಕೆ ಒತ್ತಿ ಎತ್ತಿ ಕಿಕ್ ಹೊಡೆದಾಗ ಗಾಡಿ ಮಾತಾಡಿತು. ಜಾವಾದ ಐಡ್ಲಿಂಗಿನ ಸದ್ದಿಗೆ ಮರುಳಾಗದವರು ಕಡಿಮೆ. ಟೂ-ಸ್ಟ್ರೋಕ್ ಲೆಕ್ಕದಲ್ಲಿ ಸುತ್ತಿಗೊಂದು ಸಲ ಸಿಡಿಯಬೇಕು. ನಿಧಾನವಾಗಿ ತಿರುಗುವಾಗ ಸುಟ್ಟ ಹೊಗೆ ಒಳಗೇ ಅಷ್ಟಿಷ್ಟು ಉಳಿದು ಒಂದೊಂದು ಸುತ್ತು ತಪ್ಪುತ್ತದೆ. ಆ ತಪ್ಪುವಿಕೆಯಿಂದಲೇ ಅದಕ್ಕೊಂದು ತಾಳ ಬರುತ್ತದೆ, ಆಕ್ಸಲರೇಟರ್ ಕೊಟ್ಟ ಕೂಡಲೇ ತಾಳ ಕರಗಿ ಒಂದೇ ಎಳೆಯಾಗುತ್ತದೆ. ನಾನು ಮೊದಲು ಹೋದದ್ದು ನಜರಬಾದಿಗೆ. ಆ ತಾಯಿ ಗೇಟಿನವರೆಗೆ ಬಂದು, ಟ್ಯಾಂಕಿನ ಮೇಲೆ ಕೈಯಿಟ್ಟು, "ಇದೇ ಸದ್ದು" ಅಂದರು. ಅಲ್ಲಿಂದ ಲಲಿತಮಹಲ್ ರಸ್ತೆ ಹಿಡಿದು ಚಾಮುಂಡಿ ಬೆಟ್ಟ ಹತ್ತಿದೆ. ತಿರುವುಗಳಲ್ಲಿ ಗೇರು ಇಳಿಸಲು ಕ್ಲಚ್ಚಿಗೆ ಕೈ ಹಾಕಲಿಲ್ಲ, ಕಾಲೇ ಸಾಕಾಯಿತು.

2018ರ ನವೆಂಬರಿನಲ್ಲಿ ಮಹೀಂದ್ರಾ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಮತ್ತೆ ತಂದಿತು. ಆಗ 293 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ನು, ಜೋಡಿ ಸೈಲೆನ್ಸರನ್ನು ಉಳಿಸಿಕೊಂಡಿದ್ದರು. ನೋಡಿ ಸಂತೋಷಪಟ್ಟೆ. ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯ ಜಾವಾ ಮಾತ್ರ ಇಂದಿಗೂ ಮೈಸೂರಿನಲ್ಲೇ ತಯಾರಾಗುತ್ತಿದೆ, ಒಂದೊಂದು ಶೆಡ್ಡಿನಲ್ಲಿ ಒಂದೊಂದಾಗಿ. ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಅವತ್ತು ಅವೆಲ್ಲ ಒಟ್ಟಿಗೆ ಹೊರಡುವುದನ್ನು ಒಮ್ಮೆಯಾದರೂ ಬಂದು ನೋಡಿ. ಅಪ್ಪನ ಗಾಡಿಯಲ್ಲಿ ಮಗಳು ಬರುತ್ತಾಳೆ, ಕಾರ್ಖಾನೆಯ ಹಿರಿಯರನ್ನು ಹಿಂದೆ ಕೂರಿಸಿಕೊಂಡು ಹುಡುಗರು ಬರುತ್ತಾರೆ.

ಈಗ ತಲೆಗೆ ಹತ್ತಿರುವುದು ಎಥನಾಲ್ ವಿಚಾರ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರನ್ನು ಖಾಲಿ ಮಾಡಿಬಿಡಬೇಕು, ಪೈಪು ವಾಷರುಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಬೇಕು. ಹಿರಿಯರ ಮೊಮ್ಮಗ ಅದರ ಪಟ್ಟಿ ಮಾಡಿಕೊಂಡಿದ್ದಾನೆ. ಮುಂದಿನ ಕ್ರ್ಯಾಂಕನ್ನು ತಾನೇ ಸೆಟ್ ಮಾಡುತ್ತೇನೆ, ತಾತ ಬರೀ ಕೇಳಿಸಿಕೊಂಡರೆ ಸಾಕು ಅನ್ನುತ್ತಾನೆ. ಒಂಟಿಕೊಪ್ಪಲಿನ ಗೆಳೆಯನೊಬ್ಬನ ಯೆಜ್ಡಿ ಅದಕ್ಕಾಗಿ ಬಿಚ್ಚಿಕೊಂಡು ಕೂತಿದೆ.