ಯಾರ ಪೈಕಿ?

ಅಂಗಡಿಯಲ್ಲಿ ಸ್ಟೀಲು ಪಾತ್ರೆ ಕೊಂಡರೆ ಅಲ್ಲೇ ನಿಂತು ಹೆಸರು ಹಾಕಿಸಿಕೊಂಡು ಬರುವ ಪದ್ಧತಿ ನಮ್ಮ ಕಡೆ ಇತ್ತು. ಟರ್ರೆನ್ನುವ ಪುಟ್ಟ ಯಂತ್ರದಿಂದ ಅಂಗಡಿಯ ಹುಡುಗ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೆತ್ತುತ್ತಿದ್ದ. ಪೂರ್ತಿ ಹೆಸರು ಯಾಕೆ, ಒಂದಕ್ಷರ ಸಾಕು ಎಂದು ಕೈ ಹಿಡಿದು ಖರ್ಚು ಮಾಡುವವರು ಬರಿಯ ‘ಎಸ್’ ಹಾಕಿಸುತ್ತಿದ್ದರು. ಅವರವರ ಅಡುಗೆಮನೆಯಲ್ಲಿ ಅದು ಧಾರಾಳವಾಗಿ ಸಾಕಾಗುತ್ತಿತ್ತು. ಫಜೀತಿ ಬರುತ್ತಿದ್ದುದು ಮದುವೆಮನೆಯಲ್ಲಿ. ನಾಲ್ಕು ಮನೆಯ ಕೊಳಗ, ತಪ್ಪಲೆ, ಸೌಟುಗಳು ಒಂದೇ ಉಗ್ರಾಣಕ್ಕೆ ಬಂದು ಬಿದ್ದಾಗ, ‘ಎಸ್’ ಎಂದರೆ ಶಾರದಮ್ಮನೋ, ಸೀತಮ್ಮನೋ, ಸಾವಿತ್ರಮ್ಮನೋ?

‘ಕಂಪ್ಯೂಟರ್ ಕೆಲಸ ಅಂದ್ರೆ ನೀವು ಏನ್ ಮಾಡ್ತೀರಿ?’ ಎಂದು ಕೇಳುವ ಗೆಳತಿಯರಿಗೆ ನಾನು ಈ ಉಗ್ರಾಣದ ಕತೆಯನ್ನೇ ಹೇಳುತ್ತೇನೆ. ನನ್ನದು ಪಾತ್ರೆ ಯಾರ ಪೈಕಿ ಎಂದು ಹುಡುಕುವ ಕೆಲಸ.

ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನಿದ್ದೇನೆ. ಒಂದೇ ಕಂಪ್ಯೂಟರಿಗೆ ನೀಗದ ಲೆಕ್ಕವನ್ನು ಅಲ್ಲಿ ನೂರಾರು ಕಂಪ್ಯೂಟರುಗಳು ಹಂಚಿಕೊಂಡು ಮಾಡುತ್ತವೆ. ಮಳೆಗಾಳಿಯ ಲೆಕ್ಕ, ಔಷಧದ ಅಣುಗಳ ಲೆಕ್ಕ, ಹೀಗೆ. ಒಟ್ಟಾಗಿ ದುಡಿಯುವ ಇಂಥ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ ಇಂಥದೊಂದು ದೊಡ್ಡ ಅವಿಭಕ್ತ ಕುಟುಂಬ. ಅದರ ಮುಂದೆ ನಮ್ಮದು ಚಿಕ್ಕ ಸಂಸಾರ. ಕಂಪ್ಯೂಟರು ಎಷ್ಟೇ ಇದ್ದರೂ ಫೈಲುಗಳನ್ನೆಲ್ಲ ಇಡುವ ಉಗ್ರಾಣ ಮಾತ್ರ ಒಂದೇ.

ಈ ಯಂತ್ರಗಳ ಒಂದು ಗುಟ್ಟು ಹೇಳುತ್ತೇನೆ. ಅವುಗಳಿಗೆ ನಮ್ಮ ಹೆಸರಿನ ಮೇಲೆ ಏನೂ ಮಮತೆಯಿಲ್ಲ. ನಾವು ಚೆಂದದ ಹೆಸರು ಕೊಟ್ಟು ಒಳಗೆ ಹೋದರೂ ಫೈಲಿನ ಮೇಲೆ ಅವು ಕೆತ್ತುವುದು ಒಂದು ಸಂಖ್ಯೆಯನ್ನು. ಲಿನಕ್ಸ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೊದಲು ಖಾತೆ ತೆರೆದವರು 1000, ಆಮೇಲೆ ಬಂದವರು 1001. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಆ ಮನೆಯಲ್ಲಿ ಇರುತ್ತದೆ. ನಾವು ನೋಡಲು ಹೋದಾಗ ಪಟ್ಟಿ ತೆಗೆದು ಸಂಖ್ಯೆಯ ಜಾಗದಲ್ಲಿ ಹೆಸರು ತೋರಿಸುತ್ತದೆ, ಅಷ್ಟೆ.

1984ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಎನ್‌ಎಫ್‌ಎಸ್ ಎಂಬ ಏರ್ಪಾಡು ಮಾಡಿ, ಒಂದು ಕಂಪ್ಯೂಟರಿನ ಫೈಲುಗಳನ್ನು ಬೇರೆಯವೂ ತಮ್ಮವೇ ಎಂಬಂತೆ ತೆರೆಯುವ ಹಾಗೆ ಮಾಡಿತು. ಬಂದ ಕಂಪ್ಯೂಟರು ಬಾಗಿಲಲ್ಲಿ ನಿಂತು ‘1007 ಕಳಿಸಿದ್ದಾರೆ’ ಎಂದರೆ ಸಾಕು, ನಂಬಿ ಒಳಗೆ ಬಿಡುತ್ತಿತ್ತು. ‘ಯಾವ ಮನೆಯ 1007?’ ಎಂದು ಕೇಳುವ ಪರಿಪಾಠವಿರಲಿಲ್ಲ. ಒಂದೇ ಮನೆಯವರಿಗೆ ಅದು ಸಾಕಿತ್ತು.

2019ರಲ್ಲಿ ನಮ್ಮ ಸಂಸ್ಥೆಯೂ ಪಕ್ಕದ ಊರಿನ ಇನ್ನೊಂದು ಸಂಸ್ಥೆಯೂ ಮಾತಾಡಿಕೊಂಡು, ನಮ್ಮ ಉಗ್ರಾಣವನ್ನೇ ಅವರ ಕ್ಲಸ್ಟರಿಗೂ ತೆರೆದವು. ತಂತಿ ಎಳೆದು ಜೋಡಿಸಲು ಗುತ್ತಿಗೆ ಹಿಡಿದವರು ಜೋಡಿಸಿ ಹೋದರು. ಎರಡು ಮನೆಯ ಪಟ್ಟಿಯನ್ನು ತಾಳೆ ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಶಿರಸಿ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಪಶ್ಚಿಮಘಟ್ಟದ ಮಳೆಯ ಮೇಲೆ ನಾಲ್ಕು ವರ್ಷದ ಲೆಕ್ಕ. ನಮ್ಮಲ್ಲಿ ಅವಳು 1007. ಆ ಊರಿನ ಕ್ಲಸ್ಟರಿನಲ್ಲಿ ಅವಳಿಗೆ ಸಿಕ್ಕಿದ್ದು 1031. ಅಲ್ಲಿ 1007 ಎಂದರೆ ಯಾರೋ ಒಬ್ಬ ಹುಡುಗ. ‘ಮೇಡಂ, ನಾನೇ ಬರೆದದ್ದನ್ನ ನನಗೇ ತೆಗೆಯೋಕೆ ಬಿಡ್ತಿಲ್ಲ. ಯಜಮಾನ ಅಂತ ಬೇರೆ ಯಾರದೋ ಹೆಸರು ತೋರಿಸ್ತಿದೆ’ ಎಂದು ಅವಳು ಬಂದು ಹೇಳಿದಾಗ ದನಿ ನಡುಗುತ್ತಿತ್ತು.

ಅದೇ ಮಧ್ಯಾಹ್ನ ಆ ಹುಡುಗನ ಫೋನೂ ಬಂತು. ಅವನಿಗೆ ಕೊಟ್ಟ ಜಾಗ ತುಂಬಿಹೋಗಿದೆ ಎಂದು ಯಂತ್ರ ಎಚ್ಚರಿಸಿತ್ತು. ಜಾಗದ ಲೆಕ್ಕವೂ ಸಂಖ್ಯೆಯ ಮೇಲೇ ತಾನೆ? ‘ಇದೇನೋ ಮಳೆಯ ಫೈಲುಗಳು ನನ್ನ ಹೆಸರಲ್ಲಿವೆ. ನನ್ನವಲ್ಲ. ಅಳಿಸಿಬಿಡಲಾ?’ ಎಂದು ಕೇಳಿದ. ಕೇಳದೆ ಅಳಿಸಿದ್ದರೂ ಯಂತ್ರ ಬೇಡವೆನ್ನುತ್ತಿರಲಿಲ್ಲ. ನಾಲ್ಕು ವರ್ಷದ ಮಳೆ ಆ ಹುಡುಗನ ಸಭ್ಯತೆಯೊಂದರಿಂದ ಉಳಿಯಿತು. ಅವತ್ತೇ ಆ ಕಡೆಯ ಬಾಗಿಲು ಮುಚ್ಚಿಸಿದೆವು.

ಎರಡೂ ಸಂಸ್ಥೆಯ ಹಿರಿಯರು ಸಭೆ ಸೇರಿದರು. ‘ಒಂದು ಕಡೆಯವರು ಇನ್ನೊಂದು ಕಡೆಯ ನಂಬರು ಹಾಕಿಕೊಳ್ಳಲಿ, ಮುಗಿಯಿತಲ್ಲ’ ಎಂದರು ಒಬ್ಬರು. ಬಂದವಳು ಹೊಂದಿಕೊಂಡು ಹೋಗಬೇಕು ಎನ್ನುವ ಮಾತು ನಮಗೆಲ್ಲ ಪರಿಚಿತವೇ. ಅದು ಸುಳ್ಳು ದಾರಿಯೇನಲ್ಲ. ಒಂದೇ ಆಡಳಿತದ ಕೆಳಗಿರುವ ಕಡೆ, ಎಲ್ಲರಿಗೂ ಮೊದಲಿನಿಂದಲೇ ಒಂದೇ ಪಟ್ಟಿ ಇಡುವುದಕ್ಕಿಂತ ಒಳ್ಳೆಯದಿಲ್ಲ. ಆದರೆ ತುಂಬಿದ ಮನೆಯಲ್ಲಿ ನಂಬರು ಬದಲಿಸುವುದು ತೊಗರಿಬೇಳೆಯ ಡಬ್ಬಿಗೆ ಕಡಲೆಬೇಳೆ, ಕಡಲೆಬೇಳೆಯ ಡಬ್ಬಿಗೆ ತೊಗರಿಬೇಳೆ ತುಂಬಿದ ಹಾಗೆ. ನಡುವೆ ಒಂದು ಖಾಲಿ ಡಬ್ಬಿ ಬೇಕು. ಇವಳ 1007ನ್ನು 1031 ಮಾಡಿದೆವೆನ್ನಿ, ನಮ್ಮಲ್ಲಿ ಆಗಲೇ ಇದ್ದ 1031ರ ಫೈಲುಗಳ ಜೊತೆ ಅವು ಬೆರೆತುಹೋಗುತ್ತವೆ. ಆಮೇಲೆ ಆರಿಸಿ ತೆಗೆಯಲು ಗುರುತೇ ಇರುವುದಿಲ್ಲ. ಕಾದಿಟ್ಟ ಹಳೆಯ ಪ್ರತಿಗಳಲ್ಲಂತೂ ಹಳೆಯ ಸಂಖ್ಯೆಯೇ ಉಳಿದಿರುತ್ತದೆ.

ನಮ್ಮ ಉಗ್ರಾಣ ಐಬಿಎಂ ಕಂಪನಿಯ ಜಿಪಿಎಫ್‌ಎಸ್ ಎಂಬ ವ್ಯವಸ್ಥೆಯದು. ಅದರಲ್ಲಿ ಇನ್ನೊಂದು ದಾರಿಯಿತ್ತು. ಯಾರ ನಂಬರನ್ನೂ ಮುಟ್ಟುವುದು ಬೇಡ, ನಡುವೆ ದುಭಾಷಿಯನ್ನು ಕೂರಿಸಿದರೆ ಸಾಕು. ಹುಡುಗಿ ಆ ಊರಿನಲ್ಲಿ 1031 ಆಗಿ ಫೈಲು ಕೇಳುತ್ತಾಳೆ. ದುಭಾಷಿ ಆ ಸಂಖ್ಯೆಯನ್ನು ಎರಡೂ ಮನೆಯವರು ಒಪ್ಪಿದ ಒಂದು ಪೂರ್ಣನಾಮಕ್ಕೆ ತಿರುಗಿಸುತ್ತಾನೆ. ನಮ್ಮ ಕಡೆಯಲ್ಲಿ ಆ ನಾಮ ಮತ್ತೆ 1007 ಆಗುತ್ತದೆ. ಫೈಲಿನ ಮೇಲೆ ಕೆತ್ತಿದ್ದು ಹಾಗೇ ಇರುತ್ತದೆ, ಅವಳ ವಸ್ತು ಅವಳಿಗೆ ಸಿಗುತ್ತದೆ.

ಆದರೆ ಆ ಪೂರ್ಣನಾಮದ ಪಟ್ಟಿಯನ್ನು ಯಂತ್ರ ಮಾಡಿಕೊಡುವುದಿಲ್ಲ, ಮನುಷ್ಯರೇ ಕೂತು ಮಾಡಬೇಕು. ಮೂರು ವಾರ ನಾನು ಮಾಡಿದ್ದು ಅದನ್ನೇ. ಮಂಜುನಾಥರೇ ಐದು ಜನರಿದ್ದರು. ಒಬ್ಬೊಬ್ಬರಿಗೂ ಫೋನು ಮಾಡಿ, ಮದುವೆಮನೆಯ ಅಜ್ಜಿಯರ ಹಾಗೆ ‘ನೀವು ಯಾರ ಪೈಕಿ?’ ಎಂದು ವಿಚಾರಿಸಿದೆ. ವಿಚಾರಿಸದೆ ಬಿಟ್ಟರೆ ಏನಾಗುತ್ತದೆ ಗೊತ್ತೇ? ಎನ್‌ಎಫ್‌ಎಸ್‌ನ ನಾಲ್ಕನೆಯ ಆವೃತ್ತಿಯಲ್ಲಿ, ಗುರುತು ಹೊಂದದವರನ್ನು ಯಂತ್ರ ‘ನೋಬಡಿ’ ಎಂದು ಬರೆದುಬಿಡುತ್ತದೆ. ಅಂದರೆ ಯಾರೂ ಅಲ್ಲ. ಇದ್ದ ಮನೆಯಲ್ಲಿ ಹೆಸರಿದ್ದವರು ಹೊಸ್ತಿಲು ದಾಟಿದೊಡನೆ ಯಾರೂ ಅಲ್ಲದವರಾಗುವುದು!

ಗಂಡಸರ ಹೆಸರು ಎರಡು ಪಟ್ಟಿಯಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ನನ್ನನ್ನು ಕಾಡಿದವರು ಹೆಂಗಸರು. ಒಂದು ಕಡೆ ತಂದೆಯ ಇನಿಷಿಯಲ್ಲು, ಇನ್ನೊಂದು ಕಡೆ ಗಂಡನ ಹೆಸರು. ಹೀಗೆ ಆಗುವುದು ನಮಗೆ ಮಾತ್ರವಲ್ಲ. ಸನ್ ಕಂಪನಿಯವರು ಇಂಥ ಪಟ್ಟಿ ಇಡಲೆಂದೇ ಮಾಡಿದ ವ್ಯವಸ್ಥೆಗೆ ಮೊದಲಿದ್ದ ಹೆಸರು ಯೆಲ್ಲೋ ಪೇಜಸ್. ಬ್ರಿಟನ್ನಿನಲ್ಲಿ ಆ ಹೆಸರು ಬ್ರಿಟಿಷ್ ಟೆಲಿಕಾಂನ ಸೊತ್ತಾಗಿದ್ದರಿಂದ ಅದು ಎನ್‌ಐಎಸ್ ಆಯಿತು. ಆದರೂ ಅದರ ಆಜ್ಞೆಗಳು ಇಂದಿಗೂ ‘ವೈಪಿ’ ಎಂದೇ ಶುರುವಾಗುತ್ತವೆ. ತವರಿನ ಇನಿಷಿಯಲ್ಲು ಅಷ್ಟು ಸುಲಭಕ್ಕೆ ಹೋಗುವುದಿಲ್ಲ ನೋಡಿ.

ಪಟ್ಟಿಯಲ್ಲಿ ಹಿರಿಯ ವಿಜ್ಞಾನಿಯೊಬ್ಬರಿದ್ದರು. ಮದುವೆಗೆ ಮುಂಚಿನ ಅವರ ಲೇಖನಗಳೆಲ್ಲ ಒಂದು ಹೆಸರಿನಲ್ಲಿ, ಆಮೇಲಿನವು ಇನ್ನೊಂದರಲ್ಲಿ. ‘ಯಾವುದನ್ನು ಇಟ್ಟುಕೊಳ್ಳಲಿ ಮೇಡಂ?’ ಎಂದು ಕೇಳಿದೆ. ಅವರು ನಕ್ಕರು. ‘ಎರಡರಲ್ಲೂ ದುಡಿದಿದ್ದೀನಮ್ಮ, ಯಾವುದನ್ನೂ ತೆಗೀಬೇಡ. ಎರಡೂ ಒಬ್ಬಳೇ ಅಂತ ಬರೆದುಬಿಡು’ ಎಂದರು. ಬ್ಯಾಂಕಿನಲ್ಲಿ ಇದೇ ಮಾತು ಹೇಳಲು ನಮ್ಮಂಥವರು ಛಾಪಾಕಾಗದ, ನೋಟರಿ, ಮದುವೆ ಸರ್ಟಿಫಿಕೇಟು ಎಂದು ಅಲೆಯುತ್ತೇವೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು ಹಿಡಿಯಿತು.